ಕಾರಿನೊಳಗೆ ಮಳೆನೀರು: ಮುಚ್ಚುವ ಮುನ್ನ ದಾರಿ ನೋಡಿ

ಕಾರಿನೊಳಗೆ ಮಳೆನೀರು ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ತೂತು ಎಲ್ಲಿದೆ?" ಪ್ರಶ್ನೆಯೇ ನಮ್ಮನ್ನು ಅಡ್ಡದಾರಿಗೆ ಎಳೆಯುತ್ತದೆ. ಕಾರಿನ ಮೈಯಲ್ಲಿ ತೂತುಗಳು ಬೇಕಾದಷ್ಟಿವೆ, ಎಲ್ಲವೂ ಕಾರ್ಖಾನೆಯಲ್ಲೇ ಲೆಕ್ಕ ಹಾಕಿ ಕೊರೆದವು. ಬಹಳ ಸಲ ನೀರು ಒಳಗೆ ನಿಲ್ಲುವುದು ಹೊಸ ತೂತು ಬಿದ್ದದ್ದಕ್ಕಲ್ಲ, ಇದ್ದ ತೂತು ಕಟ್ಟಿಕೊಂಡದ್ದಕ್ಕೆ.

ಮೊದಲು ನೀರಿನ ಲೆಕ್ಕ ಮುಗಿಸೋಣ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ನಾಲ್ಕು ಮೀಟರಿಗಿಂತ ಗಿಡ್ಡದಾದ ಸಣ್ಣ ಕಾರೂ ಆಕಾಶಕ್ಕೆ ಸುಮಾರು 6 ಚದರ ಮೀಟರ್ ಮೈಯೊಡ್ಡುತ್ತದೆ. ಕರಾವಳಿಯಲ್ಲಿ, ಘಟ್ಟದ ಊರುಗಳಲ್ಲಿ ಜುಲೈ ತಿಂಗಳ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂಥ ದಿನ ಅಂಗಳದಲ್ಲಿ ನಿಂತ ಕಾರಿನ ಮೇಲೆ 600 ಲೀಟರ್ ಬಿದ್ದಿರುತ್ತದೆ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಕಾಣುವ ಆಗುಂಬೆಯಲ್ಲಾದರೆ ವರ್ಷಕ್ಕೆ 40,000 ಲೀಟರಿಗೂ ಹೆಚ್ಚು. ಇದರಲ್ಲಿ ಸಾವಿರಕ್ಕೊಂದು ಪಾಲು ದಾರಿ ತಪ್ಪಿದರೂ ಒಳಗೆ 40 ಲೀಟರ್ ಸೇರಿತು. ಇಷ್ಟು ನೀರನ್ನು ರಬ್ಬರ್ ಪಟ್ಟಿಯೊಂದೇ ತಡೆದು ನಿಲ್ಲಿಸುತ್ತದೆ ಎಂದು ಕಾರು ವಿನ್ಯಾಸ ಮಾಡುವವರು ಯಾವತ್ತೂ ನಂಬಿದವರಲ್ಲ.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಂಗಳೂರು ಹೆಂಚುಗಳ ನಡುವೆ ಗಾರೆ ಮೆತ್ತಿರುವುದಿಲ್ಲ. ಒಂದರ ಮೇಲೊಂದು ಕೂತು, ತಮ್ಮ ಚಡಿಗಳಲ್ಲಿ ನೀರನ್ನು ಕೆಳಕ್ಕೆ ದಾಟಿಸುತ್ತವೆ, ಅಷ್ಟೆ. ಹೆಂಚು ಜಾರಿದ್ದು ಒಂದು ಕಡೆ, ನೀರು ಪಕಾಸಿನಗುಂಟ ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಕಾರಿನದೂ ಇದೇ ಕಥೆ.

ಬಾಗಿಲು ಒಳಗೆ ಒದ್ದೆಯಾಗಲೇಬೇಕು

ನನ್ನನ್ನು ಕೇಳಿದರೆ ಇಡೀ ಕಾರಿನಲ್ಲಿ ಅತಿ ಸೊಗಸಾದ ನೀರಾವರಿ ಇರುವುದು ಬಾಗಿಲಿನಲ್ಲಿ. ಕಿಟಕಿಯ ಗಾಜು ಬಾಗಿಲೊಳಗೆ ಇಳಿಯುವ ಕಡೆ ಹೊರಗಿನಿಂದ ಒಂದು ರಬ್ಬರ್ ಪಟ್ಟಿ ಗಾಜನ್ನು ಸವರಿಕೊಂಡಿರುತ್ತದೆ. ಅದು ನೀರನ್ನು ಪೂರ್ತಿ ತಡೆಯುತ್ತದೆ ಎಂದು ಬಹುಮಂದಿ ಅಂದುಕೊಂಡಿದ್ದಾರೆ. ತಡೆಯುವುದಿಲ್ಲ, ತಡೆಯಲೆಂದು ಹಾಕಿದ್ದೂ ಅಲ್ಲ. ಅಷ್ಟು ಬಿಗಿಯಾಗಿ ಒತ್ತಿದರೆ ಗಾಜು ಮೇಲೆ ಕೆಳಗೆ ಸರಿಯುವುದಾದರೂ ಹೇಗೆ? ಗಾಜಿನ ಮೇಲೆ ಹರಿದ ಮಳೆನೀರಿನಲ್ಲಿ ಒಂದು ಪಾಲು ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ, ಹೊರತಗಡಿನ ಒಳಮೈಗುಂಟ ಜಾರಿ ತಳ ಸೇರುತ್ತದೆ. ತಳದ ಅಂಚಿನಲ್ಲಿ ಎರಡೋ ಮೂರೋ ಸೀಳುಗಳಿರುತ್ತವೆ. ನೀರು ಅಲ್ಲಿಂದ ಹೊರಗೆ ಬೀಳುತ್ತದೆ. ಮಳೆ ನಿಂತ ಮೇಲೆ ಬಾಗಿಲು ತೆರೆದಾಗ ಅಡಿಯಂಚಿನಿಂದ ಹನಿ ಬೀಳುತ್ತಿದ್ದರೆ ಗಾಬರಿ ಬೇಡ, ಬಾಗಿಲು ಆರೋಗ್ಯವಾಗಿದೆ.

ಹಾಗಾದರೆ ಈ ನೀರು ನಮ್ಮ ಕಾಲಬುಡಕ್ಕೆ ಯಾಕೆ ಬರುವುದಿಲ್ಲ? ಡೋರ್ ಪ್ಯಾಡಿನ ಹಿಂದೆ, ಒಳತಗಡಿನ ದೊಡ್ಡ ಕಿಂಡಿಗಳನ್ನು ಮುಚ್ಚಿ ಒಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಸುತ್ತ ಕಪ್ಪಗೆ ಮೆತ್ತಗಿರುವ ಬ್ಯುಟೈಲ್ ಅಂಟು. ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್ ಬದಲು ಫೋಮ್ ಹಾಳೆ. ಒಳಗೆ ಸಿಡಿದ ನೀರು ಈ ಹಾಳೆಗೆ ತಗುಲಿ ಮತ್ತೆ ಬಾಗಿಲಿನ ಹೊಟ್ಟೆಗೇ ಮರಳುತ್ತದೆ. ಕಾರಿನ ಒಳಗು ಹೊರಗುಗಳ ನಿಜವಾದ ಗಡಿ ಇದು, ಹೊರಗಿನ ತಗಡಲ್ಲ.

ಈಗ ಪವರ್ ವಿಂಡೋ ಕೆಟ್ಟಿತೆನ್ನಿ, ಇಲ್ಲವೇ ಹೊಸ ಸ್ಪೀಕರ್ ಕೂರಿಸಬೇಕಾಯಿತು. ಪ್ಯಾಡ್ ಬಿಚ್ಚುತ್ತಾರೆ, ಹಾಳೆಯನ್ನು ಬ್ಲೇಡಿನಿಂದ ಸೀಳುತ್ತಾರೆ, ಕೆಲಸ ಮುಗಿಸಿ ಪ್ಯಾಡ್ ಒತ್ತಿ ಕೂರಿಸುತ್ತಾರೆ. ಹಾಳೆ ಹರಿದದ್ದು ಯಾರಿಗೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಮಾಡಿಸಿದ ಸ್ಪೀಕರಿನ ಫಲ ಜೂನ್‌ನಲ್ಲಿ ಕಾಲಡಿಗೆ ಬರುತ್ತದೆ, ಅಷ್ಟರಲ್ಲಿ ಸ್ಪೀಕರಿನ ನೆನಪೇ ಇರುವುದಿಲ್ಲ. ಮಾಲೀಕರು ಬಾಗಿಲಿನ ಬೀಡಿಂಗ್ ಬದಲಿಸುತ್ತಾರೆ, ಸೋರುವುದು ನಿಲ್ಲುವುದಿಲ್ಲ. ಆದ್ದರಿಂದ ಸೋರುವ ಕಾರು ಬಂದಾಗ ಕೇಳಬೇಕಾದ ಮೊದಲ ಮಾತು "ಇತ್ತೀಚೆಗೆ ಏನು ಬಿಚ್ಚಿಸಿದಿರಿ?" ಮುಂಗಾಜು ಬದಲಾಗಿದೆಯೇ, ಟಿಂಕರಿಂಗ್ ಆಗಿದೆಯೇ, ಕ್ಯಾರಿಯರ್ ಕೂರಿಸಿದ್ದೀರಾ, ಹೊಸ ವೈರ್ ಎಳೆದಿದ್ದೀರಾ? ಕಾರಣ ಅರ್ಧ ಇಲ್ಲೇ ಸಿಗುತ್ತದೆ. ಹರಿದ ಹಾಳೆಗೆ ಪರಿಹಾರವೂ ಅಗ್ಗ: ದಪ್ಪ ಪ್ಲಾಸ್ಟಿಕ್, ಹೊಸ ಬ್ಯುಟೈಲ್ ಟೇಪು. ಹಾಳೆಯ ಕೆಳಗಿನ ತುದಿಯನ್ನು ಮಾತ್ರ ಒಳತಗಡಿನ ಸೀಳಿನೊಳಗೆ ತೂರಿಸಬೇಕು. ಹೊರಗೆ ಬಿಟ್ಟರೆ ಅದೇ ನೀರನ್ನು ಕಾರ್ಪೆಟ್ಟಿಗೆ ಇಳಿಸುವ ದೋಣಿಯಾಗುತ್ತದೆ.

ಎಲೆಗಳ ಕಾರುಬಾರು

ಬಾನೆಟ್ ತೆರೆದು ಮುಂಗಾಜಿನ ಬುಡ ನೋಡಿ. ವೈಪರ್‌ಗಳ ಕೆಳಗೆ ಜಾಲರಿಯಿರುವ ಪ್ಲಾಸ್ಟಿಕ್ ಹೊದಿಕೆ, ಅದರಡಿ ಒಂದು ಉದ್ದನೆಯ ಕಾಲುವೆ. ಮುಂಗಾಜಿನ ಮೇಲಿನ ನೀರೆಲ್ಲ ಇಲ್ಲಿಗೇ ಇಳಿದು ಎರಡೂ ಬದಿಯ ರಂಧ್ರಗಳಿಂದ ಚಕ್ರದ ಹಿಂಭಾಗಕ್ಕೆ ಬೀಳಬೇಕು. ನಾವು ಉಸಿರಾಡುವ ಹೊರಗಾಳಿ ಕಾರಿನೊಳಕ್ಕೆ ಬರುವ ಬಾಯಿಯೂ ಇದೇ ಕಾಲುವೆಯಲ್ಲಿದೆ. ಓಡುವ ಕಾರಿನ ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚು, ತಳ್ಳದೆಯೇ ಗಾಳಿ ಒಳಗೆ ಬರುತ್ತದೆ ಎಂಬ ಜಾಣತನ ಅದು. ಗಾಳಿಯ ಬಾಯಿ ಕಾಲುವೆಯ ತಳಕ್ಕಿಂತ ತುಸು ಎತ್ತರದಲ್ಲಿರುತ್ತದೆ. ರಂಧ್ರಗಳು ಕಟ್ಟಿಕೊಂಡರೆ ನೀರು ಆ ಎತ್ತರಕ್ಕೆ ಏರುತ್ತದೆ, ಮತ್ತೆ ಬ್ಲೋವರ್ ಮೂಲಕ ಸೀದಾ ಒಳಗೆ.

ಕಟ್ಟುವವರು ಯಾರು? ಬೆಂಗಳೂರಿನ ರಸ್ತೆಬದಿಯ ಗುಲ್‌ಮೊಹರ್ ಮತ್ತು ಮಳೆಮರಗಳನ್ನು ನಾನು ಮೆಚ್ಚುತ್ತೇನೆ, ಆದರೆ ಅವುಗಳಡಿ ಕಾರು ನಿಲ್ಲಿಸುವುದಿಲ್ಲ. ಹಲಸಿನ ಎಲೆ ಜಾಲರಿಯ ಮೇಲೇ ಉಳಿಯುತ್ತದೆ, ಕೈಯಲ್ಲಿ ಎತ್ತಿ ಬಿಸಾಡಬಹುದು. ಗುಲ್‌ಮೊಹರಿನ ಅಕ್ಕಿಕಾಳಿನಷ್ಟು ಎಲೆ ಜಾಲರಿ ದಾಟುತ್ತದೆ, ಧೂಳಿನೊಡನೆ ಕೊಳೆತು ಗೊಬ್ಬರವಾಗುತ್ತದೆ. ಕಡಲತಡಿಯಲ್ಲಿ ಈ ಕೆಲಸ ಗಾಳಿಮರದ ಸೂಜಿಗಳದು. ಮೇ ತಿಂಗಳಲ್ಲಿ ಒಮ್ಮೆ ಆ ಹೊದಿಕೆ ತೆಗೆಸಿ, ಗೊಬ್ಬರ ಎತ್ತಿಸಿ, ಒಂದು ಚೆಂಬು ನೀರು ಹೊಯ್ದು ಎರಡೂ ಬದಿಯಲ್ಲಿ ಸರಾಗ ಬೀಳುತ್ತದೆಯೇ ನೋಡಿ. ಇಡೀ ಬರಹದಲ್ಲಿ ಹೇಳಿದ್ದರಲ್ಲಿ ಒಂದೇ ಕೆಲಸ ಮಾಡುವಿರಾದರೆ ಇದನ್ನು ಮಾಡಿ.

ಸನ್‌ರೂಫಿನದೂ ಇದೇ ತತ್ವ. ಅದರ ಗಾಜಿನ ಸುತ್ತಲ ರಬ್ಬರನ್ನು ದಾಟಿದ ನೀರಿಗಾಗಿ ಕೆಳಗೆ ಒಂದು ತಟ್ಟೆ, ತಟ್ಟೆಯ ಮೂಲೆಗಳಿಂದ ಕಂಬಗಳೊಳಗೆ ಇಳಿಯುವ ಸಪೂರ ಕೊಳವೆಗಳು. ಕೊಳವೆ ಕಟ್ಟಿದರೆ ತಟ್ಟೆ ತುಂಬಿ ತಲೆಯ ಮೇಲಿನ ಬಟ್ಟೆಗೆ ನೀರು. ಗ್ಯಾರೇಜಿನ ಹುಡುಗ ಟೈರಿಗೆ ಗಾಳಿ ಹಾಕುವ ಪೈಪು ಹಿಡಿದು ಬಂದರೆ ತಡೆಯಿರಿ. ಆ ಒತ್ತಡಕ್ಕೆ ಕೊಳವೆ ಒಳಗೆಲ್ಲೋ ಕಳಚಿಕೊಂಡರೆ ಕಂಬದ ಹೊದಿಕೆಗಳನ್ನೆಲ್ಲ ಬಿಚ್ಚಬೇಕಾದೀತು. ತೋಟದ ಕಳೆ ಕತ್ತರಿಸುವ ಯಂತ್ರದ ನೈಲಾನ್ ದಾರ ಇದಕ್ಕೆ ಹೇಳಿ ಮಾಡಿಸಿದಂತಿದೆ. ತುದಿಯನ್ನು ಉಜ್ಜಿ ಗುಂಡಗೆ ಮಾಡಿಕೊಂಡು, ಒತ್ತಾಯವಿಲ್ಲದೆ ತೂರಿಸಿದರೆ ಸಾಕು.

ಮಳೆಯ ವೇಷದ ಬೇರೆ ನೀರು

ಎಲ್ಲ ನೀರೂ ಮಳೆಯದಲ್ಲ. ಮುಂದಿನ ಎಡ ಸೀಟಿನ ಕಾಲಡಿ, ಬಿಸಿಲು ದಿನದಲ್ಲೂ, ಏಸಿ ಹಾಕಿದಾಗಷ್ಟೇ ಒದ್ದೆಯಾದರೆ ಏಸಿಯೊಳಗೆ ಹನಿಗಟ್ಟಿದ ನೀರನ್ನು ಹೊರಬಿಡುವ ಪೈಪು ಕಟ್ಟಿದೆ ಎಂದರ್ಥ. ಏಸಿ ಓಡಿಸಿ ನಿಲ್ಲಿಸಿದ ಕಾರಿನಡಿ ನೀರಿನ ಹೊಂಡವಿಲ್ಲವೇ? ಅನುಮಾನ ಗಟ್ಟಿಯಾಯಿತು. ಬಣ್ಣದ, ಜಿಗುಟಾದ, ಸಿಹಿವಾಸನೆಯ ದ್ರವವಾದರೆ ಅದು ಹೀಟರಿನಿಂದ ಬಂದ ಕೂಲೆಂಟ್. ಅದನ್ನು ಮಕ್ಕಳು, ನಾಯಿ ಬೆಕ್ಕುಗಳು ಮುಟ್ಟದಂತೆ ನೋಡಿಕೊಂಡು ಕೂಡಲೇ ಗ್ಯಾರೇಜಿಗೆ ಒಯ್ಯಬೇಕು, ಏಕೆಂದರೆ ವಿಷ. ಇನ್ನು ನೀರು ನಿಂತ ರಸ್ತೆ ದಾಟಿದ ಮೇಲೆ ಮಾತ್ರ ಒದ್ದೆಯಾದರೆ ನೆಲದ ರಬ್ಬರ್ ಬಿರಡೆ ನೋಡಿ. ಕಾರಿನ ಮೈಯನ್ನು ಕಾರ್ಖಾನೆಯಲ್ಲಿ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಎತ್ತುತ್ತಾರೆ. ಬಣ್ಣ ಬಸಿದುಹೋಗಲೆಂದು ನೆಲದಲ್ಲಿ ರಂಧ್ರಗಳಿರುತ್ತವೆ, ಆಮೇಲೆ ಅವಕ್ಕೆ ಬಿರಡೆ. ಒಂದು ಬಿರಡೆ ಉದುರಿದರೂ ರಸ್ತೆಯ ನೀರು ಕೆಳಗಿನಿಂದ ಮೇಲಕ್ಕೆ ಬರುತ್ತದೆ.

ನೀರು ಎಲ್ಲಿ ಕಂಡಿತೋ ಅಲ್ಲೇ ಒಳಬಂದಿದೆ ಎಂಬ ನಂಬಿಕೆಯನ್ನು ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ನೀರು ತಗಡಿಗೆ ಅಂಟಿಕೊಂಡು ಅದರ ಕೆಳಮೈಯಲ್ಲಿ ತಲೆಕೆಳಗಾಗಿ ಹರಿಯಬಲ್ಲದು. ವೈರಿನ ಕಟ್ಟು ಸಿಕ್ಕರೆ ಅದರ ಮೇಲೆ ಸವಾರಿ ಮಾಡುತ್ತದೆ. ಎಂಜಿನ್ ಕಡೆಯಿಂದ ಒಳಗೆ ಬರುವ ವೈರು ರಬ್ಬರ್ ತೂತಿಗೆ ಸೇರುವ ಮುಂಚೆ ಒಂದು ಜೋಲು ಬಿಟ್ಟಿರಬೇಕು, ನೀರು ಜೋಲಿನ ತಳದಲ್ಲೇ ತೊಟ್ಟಿಕ್ಕಲೆಂದು. ಮ್ಯೂಸಿಕ್ ಸಿಸ್ಟಮ್ಮಿಗೋ ಫಾಗ್ ಲ್ಯಾಂಪಿಗೋ ಆಮೇಲೆ ಎಳೆದ ವೈರು ನೇರ ಇಳಿಜಾರಿನಲ್ಲಿ ತೂತಿಗೆ ಹೋಗಿರುತ್ತದೆ. ಮಾಡಿನ ಮೇಲಿನ ಆಂಟೆನಾ ಬುಡದಲ್ಲಿ ನುಗ್ಗಿದ ನೀರು ಹಿಂದಿನ ಕಂಬದಲ್ಲಿಳಿದು ಡಿಕ್ಕಿ ಸೇರಿ, ಸ್ಟೆಪ್ನಿಯ ಗುಳಿಯಲ್ಲಿ ಕೆರೆ ಕಟ್ಟುತ್ತದೆ. ಕಾರನ್ನು ಇಳಿಜಾರಿನಲ್ಲಿ ಯಾವ ಮುಖವಾಗಿ ನಿಲ್ಲಿಸಿದ್ದಿರಿ ಎಂಬುದರ ಮೇಲೆ ಒದ್ದೆಯ ಜಾಗವೇ ಬದಲಾಗುತ್ತದೆ.

ಪತ್ತೆಗೆ ಇಬ್ಬರು ಬೇಕು, ತಾಳ್ಮೆಯೂ ಬೇಕು. ಒಳಗೆಲ್ಲ ಒರೆಸಿ ಒಣಗಿಸಿ, ಮ್ಯಾಟು ತೆಗೆದು, ಸಾಧ್ಯವಾದಷ್ಟು ಹೊದಿಕೆ ಬಿಚ್ಚಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಡಬೇಕು. ಮೂತಿ ಬೇಡ, ವಾಟರ್ ಸರ್ವಿಸ್ಸಿನ ಜೆಟ್ ಅಂತೂ ಬೇಡವೇ ಬೇಡ, ಆ ರಭಸಕ್ಕೆ ಸರಿಯಿರುವ ಬೀಡಿಂಗೂ ನೀರು ಬಿಡುತ್ತದೆ. ಕೆಳಗಿನಿಂದ ಶುರುಮಾಡಿ, ಒಂದೊಂದು ಭಾಗದಲ್ಲೂ ಹಲವು ನಿಮಿಷ ನಿಂತು, ಮೇಲಕ್ಕೆ ಹೋಗಿ. ಮೊದಲೇ ಮಾಡಿನ ಮೇಲೆ ಬಿಟ್ಟರೆ ನೀರು ಎಲ್ಲ ಕೀಲುಗಳ ಮೇಲೂ ಹರಿದು, ಯಾವುದು ಕಳ್ಳ ಎಂದು ತಿಳಿಯುವುದೇ ಇಲ್ಲ. ಅನುಮಾನದ ಜಾಗಕ್ಕೆ ಒಳಗಿನಿಂದ ಟಾಲ್ಕಂ ಪೌಡರ್ ಉದುರಿಸಿಟ್ಟರೆ ನೀರು ಬಂದ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ. ಇನ್ನೊಂದು ಉಪಾಯ ನನಗೆ ಬಲು ಇಷ್ಟ: ಕಿಟಕಿಗಳನ್ನೆಲ್ಲ ಏರಿಸಿ, ಬ್ಲೋವರನ್ನು ಹೊರಗಾಳಿಗೆ ತಿರುಗಿಸಿ ಪೂರ್ತಿ ವೇಗದಲ್ಲಿ ಇಟ್ಟು, ಹೊರಗಿನ ಕೀಲುಗಳಿಗೆ ಸೋಪಿನ ನೀರು ಸವರುವುದು. ಒಳಗಿನ ಗಾಳಿ ಹೊರಬರುವ ಕಡೆ ಗುಳ್ಳೆ ಏಳುತ್ತದೆ.

ಸಿಲಿಕೋನ್ ಟ್ಯೂಬನ್ನು ಇಷ್ಟು ಹೊತ್ತು ಕೈಗೆತ್ತಿಕೊಳ್ಳಲು ಬಿಡಲಿಲ್ಲ, ಕಾರಣವಿದೆ. ಹೊರಗಿನಿಂದ ಕಂಡಕಂಡ ಕಡೆ ಅದನ್ನು ಮೆತ್ತಿದರೆ ನೀರು ಹೊರಹೋಗುವ ಸೀಳುಗಳೂ ಮುಚ್ಚಿಹೋಗುತ್ತವೆ. ವಿನಿಗರ್ ವಾಸನೆ ಬರುವ ಬಗೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬಣ್ಣ ಹೋದ ತಗಡಿಗೆ ಅದು ತುಕ್ಕಿನ ಬೀಜ. ಮುಂದೆ ಪೇಂಟ್ ಮಾಡಿಸಬೇಕಾದಾಗ ಸಿಲಿಕೋನ್ ತಗುಲಿದ ಕಡೆ ಬಣ್ಣ ಹಿಡಿಯುವುದಿಲ್ಲ. ಪೇಂಟರುಗಳು ಅದರ ಹೆಸರೆತ್ತಿದರೆ ಸಿಡುಕುವುದು ಸುಮ್ಮನಲ್ಲ. ಮುಂಗಾಜಿನ ಅಂಚು ಸೋರುತ್ತಿದ್ದರೆ ಗಾಜು ತೆಗೆದು, ಚೌಕಟ್ಟಿನ ತುಕ್ಕು ಕೆರೆದು, ಪಾಲಿಯುರೆಥೇನ್ ಅಂಟಿನಲ್ಲಿ ಮತ್ತೆ ಕೂರಿಸುವುದೇ ಸರಿಯಾದ ಕ್ರಮ. ಅಪಘಾತದಲ್ಲಿ ಮಾಡಿಗೂ ಏರ್‌ಬ್ಯಾಗಿಗೂ ಆ ಗಾಜು ಆಸರೆ, ಅರೆಬರೆ ಅಂಟು ಅಲ್ಲಿ ಸಲ್ಲದು.

ಸೋರಿಕೆ ನಿಂತ ಮೇಲೂ ಕೆಲಸ ಉಳಿದಿದೆ. ಕಾರ್ಪೆಟ್ಟಿನ ಮೇಲ್ಮೈ ಮುಟ್ಟಿ "ಒಣಗಿತು" ಎನ್ನಬೇಡಿ. ಅದರಡಿ ಸದ್ದು ತಡೆಯುವ ದಪ್ಪ ಫೆಲ್ಟ್ ಅಥವಾ ಫೋಮ್ ಇದೆ, ನೀರು ಕುಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಮುಂಜಾನೆ ಗಾಜಿಗೆ ಒಳಗಿನಿಂದ ಮಂಜು, ಮುಗ್ಗಲು ವಾಸನೆ, ಕೊನೆಗೆ ನೆಲದ ತಗಡಿಗೆ ತುಕ್ಕು. ಈಗಿನ ಕಾರುಗಳಲ್ಲಿ ಸೀಟಿನಡಿ, ಕಾರ್ಪೆಟ್ಟಿನಡಿ ವೈರಿನ ಕನೆಕ್ಟರುಗಳಿವೆ, ಅವು ಹಸಿರು ಕಿಲುಬು ಹಿಡಿದರೆ ಸಂಬಂಧವೇ ಇಲ್ಲದ ದೀಪಗಳು ಡ್ಯಾಶ್‌ಬೋರ್ಡಿನಲ್ಲಿ ಹತ್ತುತ್ತವೆ. ಆದ್ದರಿಂದ ಸೀಟು ಬಿಚ್ಚಿಸಿ, ಕಾರ್ಪೆಟ್ ಎತ್ತಿಸಿ, ಫ್ಯಾನ್ ಹಚ್ಚಿ ಒಣಗಿಸಬೇಕು. ಸೀಟಿನಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಬ್ಯಾಟರಿ ಕಳಚದೆ ಅದಕ್ಕೆ ಕೈ ಹಾಕಬಾರದು. ಗೊತ್ತಿಲ್ಲದವರು ಆ ಕೆಲಸವನ್ನು ಗೊತ್ತಿರುವವರಿಗೇ ಬಿಡಲಿ.

ಕಾರಿನ ಜೊತೆ ಕೊಡುವ ಕೈಪಿಡಿಯಲ್ಲಿ ಬ್ಲೂಟೂತ್ ಜೋಡಿಸಲು ಪುಟಗಟ್ಟಲೆ ವಿವರಣೆ ಇರುತ್ತದೆ. ಬಾಗಿಲಿನ ಸೀಳುಗಳು ಎಷ್ಟು, ಸನ್‌ರೂಫಿನ ಕೊಳವೆ ಎಲ್ಲಿ ಬಾಯಿ ಬಿಡುತ್ತದೆ, ವೈಪರ್ ಕೆಳಗಿನ ಕಾಲುವೆಯ ರಂಧ್ರ ಯಾವ ಕಡೆಗೆ ಎಂಬ ಚಿತ್ರ ಮಾತ್ರ ಸಾಮಾನ್ಯವಾಗಿ ಸಿಗುವುದಿಲ್ಲ. ಮಳೆನಾಡಿನ ಸಣ್ಣ ಊರುಗಳ ಮೆಕ್ಯಾನಿಕ್ಕುಗಳ ತಲೆಯಲ್ಲಿ ಅದು ಮಾದರಿವಾರು ಇದೆ, ಕಾಗದದ ಮೇಲೆ ಇಲ್ಲ. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಆಟೊಮೊಬೈಲ್ ಓದುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗೆ ತೋಚುವುದಿಲ್ಲ: ಒಂದು ಮಳೆಗಾಲ, ಊರಿನ ನಾಲ್ಕೈದು ಗ್ಯಾರೇಜುಗಳು, ಒಂದು ಚೆಂಬು ನೀರು, ಒಂದು ನೋಟ್‌ಬುಕ್. ಪ್ರತಿ ಮಾದರಿಯ ಕಾರಿಗೂ ನೀರು ಎಲ್ಲಿ ಹೊಕ್ಕು ಎಲ್ಲಿ ಹೊರಬೀಳುತ್ತದೆಂದು ಗೆರೆ ಎಳೆದು ಕನ್ನಡದಲ್ಲಿ ಹೆಸರು ಬರೆದಿಡಿ. ಬಾಗಿಲಿನಿಂದಲೇ ಶುರುಮಾಡಿ, ಪ್ಯಾಡ್ ಬಿಚ್ಚಿದಾಗ ಕಿಟಕಿಯ ಗಾಜಿನ ಮೇಲೆ ನೀರು ಹೊಯ್ದು ಅದು ಒಳಗೆ ಹಿಡಿಯುವ ದಾರಿಯನ್ನು ಕಣ್ಣಾರೆ ನೋಡಿ.