ಸಂಚಾರಿ ಮನೆಯ ಹಿಂದೊಂದು ಸಣ್ಣ ಕಾರು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಉದ್ಯೋಗದಿಂದ ನಿವೃತ್ತರಾದ ಅನೇಕ ದಂಪತಿಗಳು, ಇದ್ದ ಮನೆಯನ್ನು ಮಾರಿಯೋ ಮಕ್ಕಳಿಗೆ ಒಪ್ಪಿಸಿಯೋ, ಅಡುಗೆಮನೆ, ಮಲಗುವ ಕೋಣೆ, ಸ್ನಾನಗೃಹಗಳೆಲ್ಲವನ್ನೂ ತನ್ನೊಳಗೇ ಅಡಗಿಸಿಕೊಂಡಿರುವ ಮೋಟಾರ್‌ಹೋಮ್ ಎಂಬ ಸಂಚಾರಿ ಮನೆಯೊಂದನ್ನು ಕೊಂಡು, ಚಳಿಗಾಲವನ್ನು ಆರಿಜೋನದ ಮರುಭೂಮಿಯಲ್ಲಿಯೂ ಬೇಸಗೆಯನ್ನು ಮೊಂಟಾನದ ಪರ್ವತಪ್ರಾಂತದಲ್ಲಿಯೂ ಕಳೆಯುವುದು ಅಲ್ಲಿಯ ಜನಜೀವನದ ಒಂದು ಪರಿಚಿತ ಕ್ರಮವಾಗಿದೆ. ಅಯೋವ ಸಂಸ್ಥಾನದ ಫಾರೆಸ್ಟ್ ಸಿಟಿಯೆಂಬ ಸಣ್ಣ ಊರಿನ ವಿನ್ನಬೇಗೊ ಕಂಪನಿಯು 1966ರಲ್ಲಿ ಇಂಥ ವಾಹನಗಳ ತಯಾರಿಕೆಗೆ ಕೈಹಾಕಿದಂದಿನಿಂದ ಅವು ಶ್ರೀಮಂತರ ವಿಲಾಸವಾಗಿ ಮಾತ್ರ ಉಳಿಯದೆ ಮಧ್ಯಮವರ್ಗದ ಕೈಗೂ ಎಟುಕುತ್ತ ಬಂದಿವೆ. ಇವುಗಳಲ್ಲಿ ದೊಡ್ಡವು ಎಂಟೂವರೆ ಅಡಿ ಅಗಲವಾಗಿಯೂ 45 ಅಡಿಯವರೆಗೆ ಉದ್ದವಾಗಿಯೂ ಇರುತ್ತವೆ; ನಮ್ಮ ಊರುಗಳ ನಡುವೆ ಓಡಾಡುವ ಬಸ್ಸಿಗಿಂತಲೂ ಉದ್ದ.

ಆದರೆ ಈ ಮನೆಯು ಒಂದೆಡೆ ನೆಲೆನಿಂತಿತೆಂದರೆ ಅದನ್ನು ಮತ್ತೆ ಕದಲಿಸುವುದು ಸುಲಭದ ಮಾತಲ್ಲ. ನೆಲಗಟ್ಟು ಸಮನಾಗಲೆಂದು ಇಳಿಬಿಟ್ಟ ಜಾಕುಗಳನ್ನು ಮೇಲೆತ್ತಬೇಕು. ಕೋಣೆ ವಿಶಾಲವಾಗಲೆಂದು ಪಕ್ಕಕ್ಕೆ ಚಾಚಿದ ಗೋಡೆಗಳನ್ನು ಒಳಕ್ಕೆ ಸೆಳೆದುಕೊಳ್ಳಬೇಕು. ನೀರಿನ ಪೈಪು, ಕೊಳಚೆಯ ಪೈಪು, ವಿದ್ಯುತ್ತಿನ ತಂತಿ ಮೂರನ್ನೂ ಬಿಚ್ಚಬೇಕು. ಒಲೆಯ ಬಳಿಯ ಪಾತ್ರೆಪಡಗಗಳೆಲ್ಲ ಉರುಳದಂತೆ ಕಪಾಟು ಸೇರಬೇಕು. ಒಂದು ಡಬ್ಬಿ ಹಾಲಿಗೋಸ್ಕರ ಇಷ್ಟನ್ನೆಲ್ಲ ಮಾಡಿ, ಲೀಟರು ಪೆಟ್ರೋಲಿಗೆ ಮೂರು ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಓಡದ ಈ ಮಹಾಶಕಟವನ್ನು ಪೇಟೆಯ ಬೀದಿಗೆ ಹೊಡೆದುಕೊಂಡು ಹೋದರೂ ಅಲ್ಲಿ ಅದನ್ನು ನಿಲ್ಲಿಸಲು ಸ್ಥಳ ಸಿಕ್ಕಬೇಕಷ್ಟೆ. ಇದಕ್ಕಿಂತ ಗುರುತರವಾದ ತೊಡಕೆಂದರೆ, ಯಾವುದನ್ನು ನೋಡಲೆಂದು ಸಾವಿರಾರು ಮೈಲಿ ಬಂದಿರುವರೋ ಅಲ್ಲಿಗೇ ಈ ವಾಹನಕ್ಕೆ ಪ್ರವೇಶವಿಲ್ಲದಿರುವುದು. ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯು ಹಿಮಪರ್ವತಗಳ ಕಟಿಪ್ರದೇಶವನ್ನು ಬಳಸಿ ಲೋಗನ್ ಕಣಿವೆಮಾರ್ಗವನ್ನೇರುವ ಅಪೂರ್ವವಾದ ಹಾದಿ. ಅದರ ಕಡಿದಾದ ಭಾಗದಲ್ಲಿ 21 ಅಡಿಗಿಂತ ಉದ್ದವಾದ ಅಥವಾ ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲವಾದ ವಾಹನಗಳು ಹೋಗಕೂಡದು. ದಕ್ಷಿಣ ಡಕೋಟದ ನೀಡಲ್ಸ್ ಹೆದ್ದಾರಿಯಲ್ಲಿ ಬಂಡೆಯನ್ನು ಕೊರೆದು ಮಾಡಿದ ಒಂದು ಸುರಂಗದ ಅಗಲ ಸುಮಾರು 8 ಅಡಿ ಮಾತ್ರ. ಆದುದರಿಂದಲೇ ಹೆದ್ದಾರಿಗಳಲ್ಲಿ ಕಾಣುವ ಎಷ್ಟೋ ಮೋಟಾರ್‌ಹೋಮುಗಳ ಹಿಂದೆ ಚಾಲಕನಿಲ್ಲದ ಸಣ್ಣ ಕಾರೊಂದು ತಗಲಿಕೊಂಡು ಬರುತ್ತಿರುತ್ತದೆ.

ಆ ಕಾರು ಯಾವುದಾಗಿರಬೇಕು? ಮನೆಯ ಮುಂದೆ ನಿಂತಿರುವ ಕಾರನ್ನೇ ಕಟ್ಟಿಕೊಂಡು ಹೊರಟರಾಗದೇ ಎಂದು ಯಾರಿಗಾದರೂ ತೋರುವುದು ಸಹಜ. ಹಾಗೆ ಹೊರಟು, ಮೊದಲ ದಿನದ ಪಯಣ ಮುಗಿಯುವುದರೊಳಗೆ ಗೇರ್‌ಬಾಕ್ಸನ್ನು ಸುಟ್ಟುಕೊಳ್ಳುವುದೂ ಅಷ್ಟೇ ಸಹಜ. ಸಾಮಾನ್ಯವಾಗಿ ನಾವು ಕಾರನ್ನು ಅದರ ಎಂಜಿನ್ನು ಓಡುವಾಗಿನ ಗುಣಗಳಿಂದ ಅಳೆಯುತ್ತೇವೆ. ಹಿಂದೆ ಕಟ್ಟಿಕೊಂಡು ಹೋಗತಕ್ಕ ಕಾರನ್ನಾದರೋ ಅದರ ಎಂಜಿನ್ನು ನಿಶ್ಚೇಷ್ಟವಾಗಿರುವಾಗ ಅದು ಹೇಗೆ ವರ್ತಿಸುತ್ತದೆ ಎಂಬುದರಿಂದ ಅಳೆಯಬೇಕು. ಈ ಒಂದು ವಿಚಾರವು ಮನಸ್ಸಿಗೆ ನಾಟಿದರೆ ಮಿಕ್ಕ ಆಯ್ಕೆಯೆಲ್ಲ ಅದನ್ನೇ ಅನುಸರಿಸಿ ಬರುತ್ತದೆ.

ಕಾರನ್ನು ಒಯ್ಯುವ ಕ್ರಮಗಳು ಮೂರು. ನಾಲ್ಕು ಚಕ್ರಗಳನ್ನೂ ಒಂದು ಟ್ರೇಲರಿನ ಮೇಲೇರಿಸಿದರೆ ಯಾವ ಕಾರಾದರೂ ಆದೀತು; ಆದರೆ ಆ ಟ್ರೇಲರೇ ಹೆಚ್ಚುಕಡಮೆ ಒಂದು ಟನ್ನು ತೂಗುವುದೂ ಉಂಟು, ಮತ್ತು ತಂಗುದಾಣದಲ್ಲಿ ಅದನ್ನಿರಿಸಲು ಬೇರೆ ಸ್ಥಳವನ್ನು ಹುಡುಕಬೇಕು. ಮುಂದಿನ ಎರಡು ಚಕ್ರಗಳನ್ನು ಮಾತ್ರ ಎತ್ತಿ ಹಿಡಿಯುವ ಡಾಲಿಯೆಂಬ ಸಣ್ಣ ಬಂಡಿಯು, ಮುಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹರಿಯುವ ಕಾರುಗಳಿಗೆ ಒಳ್ಳೆಯದು. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಕಾರಿಗೆ ಅದು ಸಲ್ಲದು. ಮೂರನೆಯದು, ಜಾತ್ರೆಗೆ ಹೊರಟ ಗಾಡಿಯ ಹಿಂದಕ್ಕೆ ಕಟ್ಟಿದ ಹಸು ತನ್ನ ಕಾಲಮೇಲೆ ತಾನೇ ನಡೆದು ಬರುವಂತೆ, ಕಾರು ತನ್ನ ನಾಲ್ಕು ಚಕ್ರಗಳ ಮೇಲೆಯೇ ಉರುಳಿ ಬರುವ ಕ್ರಮ. ಬೇರೊಂದು ಬಂಡಿಯ ಹೊರೆಯಿಲ್ಲ. ತಂಗುದಾಣ ಸೇರಿದೊಡನೆ ಎರಡು ಗೂಟಗಳನ್ನು ಎಳೆದು, ಸರಪಳಿ ತಂತಿಗಳನ್ನು ಬಿಚ್ಚಿದರೆ ಕಾರು ಬಳಕೆಗೆ ಸಿದ್ಧ. ವರ್ಷದ ಬಹುಭಾಗ ಸಂಚಾರದಲ್ಲಿಯೇ ಇರುವವರೆಲ್ಲ ಒಲಿಯುವುದು ಬಹುಮಟ್ಟಿಗೆ ಇದಕ್ಕೇ. ಕಾರಿನ ಆಯ್ಕೆ ಅತ್ಯಂತ ಸೂಕ್ಷ್ಮವಾಗುವುದೂ ಇಲ್ಲಿಯೇ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಒಂದು ಆಯಿಲ್ ಪಂಪು ಇರುತ್ತದೆ. ಹಲ್ಲಿನ ಚಕ್ರಗಳಿಗೂ ಕ್ಲಚ್ಚಿನ ಬಿಲ್ಲೆಗಳಿಗೂ ಬೇರಿಂಗುಗಳಿಗೂ ಎಣ್ಣೆಯನ್ನು ಒತ್ತಡದಿಂದ ಹಾಯಿಸುವುದು ಅದರ ಕೆಲಸ. ಬಹುಪಾಲು ಕಾರುಗಳಲ್ಲಿ ಈ ಪಂಪು ತಿರುಗುವುದು ಎಂಜಿನ್ನಿನ ಬಲದಿಂದ. ಎಂಜಿನ್ನು ನಿಂತಿರುವಾಗ ಕಾರನ್ನು ಎಳೆದೊಯ್ದರೆ, ನೆಲದ ಮೇಲೆ ಉರುಳುವ ಚಕ್ರಗಳು ಗೇರ್‌ಬಾಕ್ಸಿನ ಹಿಂಬದಿಯ ಭಾಗಗಳನ್ನು ಗಂಟೆಗೆ ನೂರು ಕಿಲೋಮೀಟರಿನ ವೇಗಕ್ಕೆ ತಕ್ಕಂತೆ ತಿರುಗಿಸುತ್ತಲೇ ಇರುತ್ತವೆ. ಪಂಪು ಮಾತ್ರ ನಿಶ್ಚಲವಾಗಿರುವುದರಿಂದ ಒಂದು ತೊಟ್ಟು ಎಣ್ಣೆಯೂ ಮೇಲೇರದು. ಲೋಹಕ್ಕೆ ಲೋಹವು ತಾಗಿ ಕಾವೇರಿ, ಒಳಗಿನದೆಲ್ಲವೂ ಹಾಳಾಗುತ್ತದೆ. ಮುಂದೆ ಕುಳಿತು ಮೋಟಾರ್‌ಹೋಮನ್ನು ನಡೆಸುವವರಿಗೆ ಇದರ ಸದ್ದಾಗಲಿ ವಾಸನೆಯಾಗಲಿ ತಿಳಿಯುವುದೇ ಇಲ್ಲ. ಮ್ಯಾನ್ಯುಯಲ್ ಗೇರಿನ ಕಾರಿನಲ್ಲಿಯಾದರೋ ತಿರುಗುವ ಹಲ್ಲಿನ ಚಕ್ರಗಳು ಅಡಿಯಲ್ಲಿರುವ ಎಣ್ಣೆಯಲ್ಲಿ ತಾವೇ ಮುಳುಗೇಳುತ್ತ ಅದನ್ನು ಸುತ್ತಲೂ ಎರಚಿಕೊಳ್ಳುವುದರಿಂದ, ನ್ಯೂಟ್ರಲ್‌ನಲ್ಲಿಟ್ಟು ಎಳೆದರೆ ಸಾಮಾನ್ಯವಾಗಿ ಬಾಧಕವಿಲ್ಲ. ಸುಬಾರು ಕಂಪನಿಯ ನಾಲ್ಕು ಚಕ್ರಶಕ್ತಿಯ ಕಾರುಗಳನ್ನೇ ನೋಡಿ: ಮ್ಯಾನ್ಯುಯಲ್ ಗೇರಿನವನ್ನು ಹಾಗೆ ಎಳೆದೊಯ್ಯುವ ವಾಡಿಕೆಯಿದೆ, ಆಟೋಮ್ಯಾಟಿಕ್ ಗೇರಿನವು ಮಾತ್ರ ಅದನ್ನು ತಾಳಲಾರವು.

ಜೀಪ್ ರ‍್ಯಾಂಗ್ಲರ್ ಈ ಸಂಚಾರಿಗಳಿಗೆ ಅಷ್ಟು ಪ್ರಿಯವಾಗಿರುವುದರ ಮರ್ಮವೂ ಇಲ್ಲಿಯೇ ಇದೆ. ಅದರಲ್ಲಿ ಗೇರ್‌ಬಾಕ್ಸಿಗೂ ಚಕ್ರಗಳಿಗೂ ನಡುವೆ, ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಎಂಬ ಬೇರೊಂದು ಪೆಟ್ಟಿಗೆಯಿದ್ದು, ಆ ಪೆಟ್ಟಿಗೆಗೇ ಸ್ವಂತವಾದ ಒಂದು ನ್ಯೂಟ್ರಲ್ ಸ್ಥಾನವಿದೆ. ಅದನ್ನು ಅಲ್ಲಿಗೆ ತಂದಿಟ್ಟರೆ ಚಕ್ರಗಳಿಗೂ ಗೇರ್‌ಬಾಕ್ಸಿಗೂ ಸಂಬಂಧವೇ ಕಡಿದುಹೋಗುವುದರಿಂದ, ಆಟೋಮ್ಯಾಟಿಕ್ ಗೇರನ್ನು ಪಾರ್ಕ್‌ನಲ್ಲಿಟ್ಟರೂ ಚಕ್ರಗಳು ನಿರಾತಂಕವಾಗಿ ಉರುಳುತ್ತವೆ. ಹಾಗಿಟ್ಟ ಮೇಲೆ ಎಂಜಿನ್ನನ್ನು ಚಾಲೂ ಮಾಡಿ, ಮುಂದಕ್ಕೂ ಹಿಂದಕ್ಕೂ ಗೇರು ಹಾಕಿ, ಬಂಡಿ ಕದಲುವುದಿಲ್ಲವೆಂದು ಖಚಿತಪಡಿಸಿಕೊಂಡ ಹೊರತು ಹೊರಡಬಾರದು. ಇಷ್ಟರಲ್ಲಿ ಎಚ್ಚರದಪ್ಪಿದರೆ ಗೇರ್‌ಬಾಕ್ಸನ್ನು ಮಾತ್ರವಲ್ಲ, ಎಂಜಿನ್ನನ್ನೂ ಕಳೆದುಕೊಳ್ಳುವ ಸಂಭವವಿದೆ.

ಒಂದೇ ಹೆಸರಿನ ಕಾರು ವರ್ಷದಿಂದ ವರ್ಷಕ್ಕೆ ಬೇರೆಯಾಗಬಲ್ಲದೆಂಬುದಕ್ಕೆ ಹೋಂಡಾ ಸಿಆರ್-ವಿ ಒಳ್ಳೆಯ ನಿದರ್ಶನ. ಆಟೋಮ್ಯಾಟಿಕ್ ಗೇರಿದ್ದೂ ಎಳೆಸಿಕೊಳ್ಳಬಲ್ಲ ಕೆಲವೇ ಕಾರುಗಳಲ್ಲಿ ಅದೊಂದಾಗಿತ್ತು. ಹೊರಡುವ ಮುನ್ನ ಎಂಜಿನ್ನನ್ನು ಚಾಲೂ ಮಾಡಿ, ಡ್ರೈವ್‌ನಲ್ಲಿ ಐದು ಸೆಕೆಂಡು ಹಿಡಿದು, ನ್ಯೂಟ್ರಲ್‌ಗೆ ತಂದು ಮೂರು ನಿಮಿಷ ಓಡಲು ಬಿಟ್ಟು, ಆಮೇಲೆ ಆರಿಸಬೇಕೆಂದು ಅದರ ಕೈಪಿಡಿಯಲ್ಲಿ ವಿಧಿಸಿತ್ತು. ವೇಗವು ಗಂಟೆಗೆ 65 ಮೈಲಿಯನ್ನು ಮೀರಕೂಡದೆಂಬ ನಿಯಮವೂ ಇತ್ತು. 2015ರ ಮಾದರಿಗೆ ಸಿವಿಟಿ ಎಂಬ ಬೇರೆ ಬಗೆಯ ಗೇರ್‌ಬಾಕ್ಸನ್ನು ಅಳವಡಿಸಿದೊಡನೆ ಆ ಅನುಮತಿ ಹೊರಟುಹೋಯಿತು. ಹೊರಗಿನಿಂದ ನೋಡುವವರಿಗೆ 2014ರದೂ 2015ರದೂ ಅಣ್ಣತಮ್ಮಂದಿರಂತಿರುವುದರಿಂದ, ಹಳೆಯ ಕಾರನ್ನು ಕೊಳ್ಳುವವರು ಇಲ್ಲಿ ಮೋಸಹೋಗುವುದು ಬಹು ಸುಲಭ. ಜನರಲ್ ಮೋಟಾರ್ಸ್ ಸಂಸ್ಥೆಯ ಸ್ಯಾಟರ್ನ್ ಎಂಬ ಹಗುರವಾದ ಕಾರೂ ಒಂದು ಕಾಲಕ್ಕೆ ಸಂಚಾರಿಗಳ ಅಚ್ಚುಮೆಚ್ಚಿನದಾಗಿತ್ತು; 2010ರ ವೇಳೆಗೆ ಆ ಹೆಸರೇ ಮಾರುಕಟ್ಟೆಯಿಂದ ಮರೆಯಾಯಿತು. ಟೆಸ್ಲಾದಂಥ ವಿದ್ಯುತ್ ಕಾರುಗಳಲ್ಲಿ ಚಕ್ರಗಳಿಗೂ ಮೋಟಾರಿಗೂ ಬಿಡಿಸಲಾಗದ ನಂಟಿರುವುದರಿಂದ ಅವನ್ನು ಉರುಳಿಸಿಕೊಂಡು ಹೋಗುವಂತಿಲ್ಲ. ಟ್ರೇಲರಿನ ಮೇಲೆಯೇ ಏರಿಸಬೇಕು. ಆದುದರಿಂದ ನೆರೆಯವರ ಅನುಭವವಾಗಲಿ ಮಾರುವವನ ಭರವಸೆಯಾಗಲಿ ಇಲ್ಲಿ ಪ್ರಮಾಣವಲ್ಲ. ಆಯಾ ವರ್ಷದ, ಆಯಾ ಎಂಜಿನ್ ಮತ್ತು ಗೇರ್‌ಬಾಕ್ಸಿನ ಕಾರಿಗೆ ತಯಾರಕರು ಕೊಟ್ಟ ಕೈಪಿಡಿಯಲ್ಲಿ, ಮೋಟಾರ್‌ಹೋಮಿನ ಹಿಂದೆ ಎಳೆದೊಯ್ಯುವ ವಿಷಯವಾಗಿ ಒಂದು ಪ್ರಕರಣವಿರುತ್ತದೆ. ಅದನ್ನು ಹಣ ಕೊಡುವ ಮೊದಲು ಓದಬೇಕು.

ಅನಂತರ ತೂಕದ ಲೆಕ್ಕ. ಮೋಟಾರ್‌ಹೋಮಿಗೆ ಅದರ ತಯಾರಕರು ಎರಡು ಮಿತಿಗಳನ್ನು ಗೊತ್ತುಪಡಿಸಿರುತ್ತಾರೆ: ಅದೂ ಅದರ ಹಿಂದಿನ ಕಾರೂ ಕೂಡಿ ಎಷ್ಟು ತೂಗಬಹುದೆಂಬುದೊಂದು, ಹಿಂಬದಿಯ ಕೊಂಡಿ ಎಷ್ಟನ್ನು ಎಳೆಯಬಲ್ಲದೆಂಬುದಿನ್ನೊಂದು. ಕೂಡು ತೂಕದ ಮಿತಿಯು 26,000 ಪೌಂಡು, ಕೊಂಡಿಯ ಮಿತಿಯು 5,000 ಪೌಂಡು ಎಂದಿಟ್ಟುಕೊಳ್ಳೋಣ. ನೀರು, ಇಂಧನ, ಬಟ್ಟೆಬರೆ, ಪುಸ್ತಕ, ಮೊಮ್ಮಕ್ಕಳ ಆಟದ ಸಾಮಾನು ಎಲ್ಲವನ್ನೂ ತುಂಬಿ ವೇಬ್ರಿಡ್ಜಿನ ಮೇಲೆ ನಿಲ್ಲಿಸಿದಾಗ ಮನೆಯೇ 22,500 ಪೌಂಡು ತೂಗಿದರೆ, ಕಾರಿಗೆ ಉಳಿಯುವುದು 3,500 ಪೌಂಡು, ಎಂದರೆ ಸುಮಾರು 1,590 ಕಿಲೋಗ್ರಾಮು. ಕೊಂಡಿಯ ಬಲವು ಹೆಚ್ಚಿರುವುದರಿಂದ ಪ್ರಯೋಜನವೇನೂ ಇಲ್ಲ. ಎರಡರಲ್ಲಿ ಚಿಕ್ಕದೇ ಲೆಕ್ಕಕ್ಕೆ ಬರತಕ್ಕದ್ದು. ಎರಡು ಟನ್ನಿನ ಆಸುಪಾಸಿನಲ್ಲಿ ತೂಗುವ ನಾಲ್ಕು ಬಾಗಿಲಿನ ರ‍್ಯಾಂಗ್ಲರ್ ಈ ಸಂಸಾರಕ್ಕೆ ಹೊಂದದು. ಉದ್ದಕ್ಕೂ ಮಿತಿಯುಂಟು: ಕ್ಯಾಲಿಫೋರ್ನಿಯದಲ್ಲಿ ಎರಡೂ ವಾಹನಗಳೂ ಅವನ್ನು ಜೋಡಿಸುವ ಟೋ ಬಾರೂ ಸೇರಿ 65 ಅಡಿಯನ್ನು ದಾಟಬಾರದು.

ಬ್ರೇಕಿನ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಹಿಂದಿನ ಕಾರು ಇದೆಯೆಂಬ ಅರಿವೇ ಎಳೆಯುವಾಗ ಆಗದಿರುವುದರಿಂದ, ಅದಕ್ಕೆ ಪ್ರತ್ಯೇಕವಾದ ಬ್ರೇಕು ಅನಾವಶ್ಯಕವೆಂದು ಭಾವಿಸುವವರು ಬಹಳ ಮಂದಿ ಇದ್ದಾರೆ. ಆದರೆ ಮೋಟಾರ್‌ಹೋಮಿನ ಬ್ರೇಕುಗಳನ್ನು ಅದರ ಸ್ವಂತ ತೂಕವನ್ನು ನಿಲ್ಲಿಸುವುದಕ್ಕೆಂದು ರಚಿಸಿರುತ್ತಾರೆಯೇ ಹೊರತು, ಹಿಂದಿನಿಂದ ನೂಕುವ ಇನ್ನೊಂದೂವರೆ ಟನ್ನನ್ನು ನಿಲ್ಲಿಸುವುದಕ್ಕಲ್ಲ. ರಾಕಿ ಪರ್ವತಗಳ ಇಳಿಜಾರುಗಳಲ್ಲಿ ಮೈಲಿಗಟ್ಟಲೆ ಇಳಿಯುವಾಗ ಬ್ರೇಕು ಕಾಯುತ್ತ ಹೋಗಿ ಹಿಡಿತ ಕುಗ್ಗಿದರೆ, ಅದರ ಫಲವನ್ನು ಅನುಭವಿಸುವವರು ಒಳಗಿರುವ ದಂಪತಿಗಳು ಮಾತ್ರವಲ್ಲ. ಮುಂದೆ ಹೋಗುತ್ತಿರುವ ಯಾವುದೋ ಕಾರಿನ ಹಿಂಬದಿಯಲ್ಲಿ ಮಗುವೊಂದು ನಿದ್ರಿಸುತ್ತಿರಬಹುದು. ಎಳೆಯಲ್ಪಡುವ ವಾಹನವು 3,000 ಪೌಂಡಿಗಿಂತ ಹೆಚ್ಚು ತೂಗಿದರೆ ಅದಕ್ಕೆ ಸ್ವಂತ ಬ್ರೇಕು ಇರಲೇಬೇಕೆಂದು ಅನೇಕ ಸಂಸ್ಥಾನಗಳ ಕಾನೂನು. ಕೆಲವೆಡೆ ಈ ಮಿತಿ ಇನ್ನೂ ಕಡಮೆ. ಕಾನೂನು ಕೇಳಲಿ ಬಿಡಲಿ, ಮುಂದಿನ ವಾಹನದ ಪೆಡಲನ್ನು ಒತ್ತಿದಾಗ ಹಿಂದಿನ ಕಾರಿನ ಬ್ರೇಕನ್ನೂ ಒತ್ತುವ ಉಪಕರಣವನ್ನೂ, ಕೊಂಡಿ ಕಳಚಿದರೆ ಕಾರನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚನ್ನೂ ಕಾರಿನ ಬೆಲೆಯೊಡನೆಯೇ ಲೆಕ್ಕ ಹಿಡಿಯಬೇಕು. ಇವುಗಳೊಡನೆ ಟೋ ಬಾರ್, ಅದನ್ನು ಕಾರಿನ ಚೌಕಟ್ಟಿಗೆ ಬಿಗಿಯುವ ಬೇಸ್ ಪ್ಲೇಟು, ಹಿಂದೀಪಗಳ ತಂತಿ, ಇವೆಲ್ಲವೂ ಸೇರಿ ಸಾವಿರಾರು ಡಾಲರಿನ ವೆಚ್ಚವಾಗುತ್ತದೆ. ಆ ಹಣ ಇಲ್ಲವೆಂದಾದರೆ ಕಾರನ್ನು ಕಟ್ಟದಿರುವುದೇ ಲೇಸು.

ಕಟ್ಟದೆಯೇ ಸಾಗುವವರೂ ಇದ್ದಾರೆ. ಕ್ಯಾಲಿಫೋರ್ನಿಯದಲ್ಲೋ ಮಿಶಿಗನ್ನಿನಲ್ಲೋ ನೆಲೆಸಿರುವ ಕನ್ನಡಿಗ ಮಕ್ಕಳು, ಬೇಸಗೆಯಲ್ಲಿ ಮೈಸೂರಿನಿಂದಲೋ ಧಾರವಾಡದಿಂದಲೋ ಬಂದ ತಂದೆತಾಯಿಗಳನ್ನು ಬಾಡಿಗೆಯ ಮೋಟಾರ್‌ಹೋಮಿನಲ್ಲಿ ಕೂರಿಸಿಕೊಂಡು, ಅವರಿಗೆ ಒಗ್ಗುವ ಅನ್ನ ಸಾರು ಒಳಗೇ ಬೇಯುತ್ತಿರಲು ಯೆಲ್ಲೋಸ್ಟೋನಿಗೆ ಹೋಗಿಬರುವುದುಂಟು. ವಾರವೊಪ್ಪತ್ತಿನ ಇಂಥ ಪಯಣಕ್ಕೆ, 25 ಅಡಿಯೊಳಗಿನ ವಾಹನವಾದರೆ, ಹಿಂದೆ ಕಾರು ಬೇಕಿಲ್ಲ. ಉದ್ಯಾನದ ಸಮೀಪದ ಪಟ್ಟಣದಲ್ಲಿ ಎರಡು ದಿನದ ಮಟ್ಟಿಗೆ ಕಾರೊಂದನ್ನು ಬಾಡಿಗೆಗೆ ಹಿಡಿದರೂ ಆದೀತು. ಆದರೆ ತಿಂಗಳುಗಟ್ಟಲೆ ತಂಗುವವರಿಗೆ ಸ್ವಂತ ಕಾರಿನ ಬೆಲೆ ಅಲ್ಲಿಯೇ ತಿಳಿಯುತ್ತದೆ. ಯೆಲ್ಲೋಸ್ಟೋನಿನ ಒಳಸುತ್ತಿನ ರಸ್ತೆಯೇ 142 ಮೈಲಿ. ಅದರ ಈಶಾನ್ಯಕ್ಕಿರುವ ಲಮಾರ್ ಕಣಿವೆಯಲ್ಲಿ ಕಾಡೆಮ್ಮೆಗಳ ಹಿಂಡನ್ನೂ, ಅದೃಷ್ಟವಿದ್ದರೆ ತೋಳಗಳನ್ನೂ ನೋಡಬೇಕೆಂದರೆ ಅರುಣೋದಯಕ್ಕೆ ಮೊದಲೇ ಅಲ್ಲಿರಬೇಕು. ಮಲಗಿರುವ ಮನೆಯನ್ನು ಎಬ್ಬಿಸದೆ, ಹಿರಿಯರ ನಿದ್ರೆಯನ್ನು ಕೆಡಿಸದೆ, ಇಬ್ಬರು ಸದ್ದಿಲ್ಲದೆ ಕಾರು ಹತ್ತಿ ಹೊರಟುಹೋಗಬಹುದು. ಒಳಗಿದ್ದವರಿಗೆ ಏನಾದರೂ ಆಲಸ್ಯವಾದರೆ ವೈದ್ಯರ ಬಳಿಗೆ ಒಯ್ಯಲೂ ಅದೇ ಕಾರು ಒದಗುತ್ತದೆ. ವಯಸ್ಸಾದವರ ವಿಷಯದಲ್ಲಿ ಇದನ್ನು ಮೊದಲ ಕಾರಣವೆಂದೇ ಎಣಿಸುತ್ತೇನೆ.

ಕಾರನ್ನು ಆರಿಸಿ, ಕಟ್ಟಿದ ಮೇಲೂ ಕೆಲವು ಸಂಗತಿಗಳು ನೆನಪಿನಲ್ಲಿರಬೇಕು. ಟೋ ಬಾರು ನೆಲಕ್ಕೆ ಸಮಾನಾಂತರವಾಗಿರಬೇಕು. ಎರಡು ತುದಿಗಳ ಎತ್ತರದಲ್ಲಿ ಮೂರು ನಾಲ್ಕು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬ್ರೇಕು ಹಾಕಿದಾಗ ಕಾರು ಮೇಲಕ್ಕೇರಲೋ ಕೆಳಕ್ಕೆ ನುಗ್ಗಲೋ ಹವಣಿಸುತ್ತದೆ. ಸರಪಳಿಗಳೆರಡನ್ನೂ ಟೋ ಬಾರಿನ ಕೆಳಗೆ ಕತ್ತರಿಯಾಕಾರವಾಗಿ ಹಾಯಿಸಬೇಕು. ಸ್ಟಿಯರಿಂಗಿನ ಬೀಗ ಬಿಡಿಸಿರುವುದಕ್ಕೆ ಬೀಗದಕೈ ತಿರುಗಿಸಿಟ್ಟಲ್ಲಿ ದಿನವಿಡೀ ಬ್ಯಾಟರಿ ಸೋರುತ್ತದೆಯಾದ್ದರಿಂದ, ಯಾವ ಫ್ಯೂಸನ್ನು ತೆಗೆಯಬೇಕೆಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ನಾಲ್ಕು ಚಕ್ರಗಳ ಮೇಲೆ ಉರುಳಿ ಬರುವ ಕಾರನ್ನು ಕಟ್ಟಿಕೊಂಡು ಹಿಂದಕ್ಕೆ ಹೋಗುವಂತಿಲ್ಲ; ಅದರ ಮುಂದಿನ ಚಕ್ರಗಳು ಒಂದು ಪಕ್ಕಕ್ಕೆ ಪೂರ್ತಿ ಹೊರಳಿ ಟೋ ಬಾರನ್ನೇ ಬಾಗಿಸಿಬಿಡುತ್ತವೆ. ಪೆಟ್ರೋಲ್ ಬಂಕಿನೊಳಕ್ಕೆ ನುಗ್ಗುವ ಮೊದಲು ಹೊರದಾರಿ ಕಾಣುತ್ತದೆಯೇ ಎಂದು ನೋಡಿಕೊಳ್ಳಬೇಕು. ಸಿಕ್ಕಿಬಿದ್ದರೆ ಕಾರನ್ನು ಬಿಚ್ಚುವುದೊಂದೇ ದಾರಿ. ಮೊದಲ ದಿನ ಹತ್ತು ಹದಿನೈದು ಮೈಲಿ ಹೋದೊಡನೆ ವಿಶಾಲವಾದ ಜಾಗದಲ್ಲಿ ನಿಲ್ಲಿಸಿ, ಇಳಿದು, ಕಾರಿನ ಒಂದೊಂದು ಚಕ್ರದ ಬಳಿಗೂ ಅಂಗೈಯನ್ನು ಹಿಡಿದು ನೋಡಬೇಕು. ಒಂದು ಚಕ್ರವು ಮಿಕ್ಕವಕ್ಕಿಂತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಪೂರ್ತಿ ಬಿಟ್ಟಿಲ್ಲವೆಂದು ತಿಳಿದು, ಕಾರನ್ನು ಅಲ್ಲಿಯೇ ಬಿಚ್ಚಿ ರಿಪೇರಿಗೆ ಕೊಡಬೇಕು.