ಸ್ನಾನದ ತೊಟ್ಟಿಯ ತೂಬು: ಅಳತೆಯೂ ಆರೋಗ್ಯವೂ

ಸ್ನಾನದ ತೊಟ್ಟಿಯು ಕನ್ನಡಿಗರ ಮನೆಗಳಿಗೆ ಹಳೆಯ ಪರಿಚಯದ ವಸ್ತುವಲ್ಲ. ಹಂಡೆಯ ಬಿಸಿನೀರು, ಹಿತ್ತಾಳೆಯ ಚೊಂಬು, ಕಲ್ಲುಹಾಸಿನ ಬಚ್ಚಲು ಇವುಗಳ ನಡುವೆ ಬೆಳೆದವರು ಉದ್ಯೋಗನಿಮಿತ್ತ ವಿಶಾಖಪಟ್ಟಣಕ್ಕೋ ವಿಜಯವಾಡಕ್ಕೋ ಬಂದು, ಬಾಡಿಗೆಗೆ ಹಿಡಿದ ಹಳೆಯ ಬಂಗಲೆಯಲ್ಲಿ ಅಥವಾ ಕೊಂಡ ಫ್ಲಾಟಿನಲ್ಲಿ ತೊಟ್ಟಿಯೊಂದನ್ನು ಕಂಡಾಗ ಹಿಗ್ಗುವುದುಂಟು. ತೂಬು ಸೋರತೊಡಗಿದ ದಿನ ಆ ಹಿಗ್ಗು ಇಳಿದುಹೋಗುತ್ತದೆ. ಅಂಗಡಿಯವನು ತೋರಿಸುವ ಮೂರು ಅಳತೆಗಳಲ್ಲಿ ಒಂದೂ ಕೂರುವುದಿಲ್ಲ. ಕೆಲಸಗಾರನು ಸಮೀಪದ ಅಳತೆಯದನ್ನೇ ಒತ್ತಿ ಕೂರಿಸಿ, ಸುತ್ತಲೂ ಬಿಳಿ ಸಿಮೆಂಟು ಮೆತ್ತಿ ಹೋಗುತ್ತಾನೆ. ಕಾಯಿಲೆಗೆ ದಾರಿಯಾಗುವುದು ಈ ‘ಸಮೀಪದ ಅಳತೆ’ಯೇ.

ತೊಟ್ಟಿಯೊಳಗೆ ಕಾಣುವ ಜಾಲರಿಯ ಬಿಲ್ಲೆಯು ತೂಬಿನ ತಲೆ ಮಾತ್ರ. ಅದರಿಂದ ತಿರುಪು ಕೊರೆದ ಗಿಡ್ಡ ಕೊಳವೆಯೊಂದು ರಂಧ್ರದ ಮೂಲಕ ಕೆಳಗಿಳಿದಿರುತ್ತದೆ. ತೊಟ್ಟಿಯ ಅಡಿಯಲ್ಲಿ ರಬ್ಬರಿನ ವಾಷರೂ ಅದನ್ನು ಬಿಗಿಯಾಗಿ ಒತ್ತುವ ಚೆಕ್‌ನಟ್ಟೂ ಇರುತ್ತವೆ. ಇವೆಲ್ಲ ಸೇರಿದುದನ್ನು ಅಂಗಡಿಗಳಲ್ಲಿ ವೇಸ್ಟ್ ಕಪ್ಲಿಂಗ್ ಎಂದು ಕರೆಯುತ್ತಾರೆ. ಅಲ್ಲಿಂದ ಇಳಿದ ನೀರು ಟ್ರ್ಯಾಪ್ ಎಂಬ ಬಾಗಿದ ಕೊಳವೆಯನ್ನು ದಾಟಿ ಮೋರಿಯ ಕಡೆಗೆ ಹೋಗುತ್ತದೆ.

ತೊಡಕು ಹುಟ್ಟುವುದು ಹೆಸರಿನ ಅಳತೆಗೂ ನಿಜವಾದ ಅಳತೆಗೂ ಇರುವ ಅಂತರದಿಂದ. ಮುಖ ತೊಳೆಯುವ ಬೇಸಿನ್ನಿಗೆ ಸಾಮಾನ್ಯವಾಗಿ ಒಂದೂಕಾಲು ಇಂಚಿನ, ಎಂದರೆ 32 ಮಿ.ಮೀ. ಕಪ್ಲಿಂಗ್, ತೊಟ್ಟಿಗೆ ಒಂದೂವರೆ ಇಂಚಿನ, ಎಂದರೆ 40 ಮಿ.ಮೀ. ಕಪ್ಲಿಂಗ್. ಆದರೆ ಅಳತೆಪಟ್ಟಿ ಹಿಡಿದು ನೋಡಿದರೆ ಈ ಅಂಕಿಗಳು ಎಲ್ಲಿಯೂ ಸಿಗುವುದಿಲ್ಲ. ಬ್ರಿಟಿಷ್ ಪದ್ಧತಿಯ ಒಂದೂಕಾಲು ಇಂಚಿನ ತಿರುಪಿನ ಹೊರವ್ಯಾಸ ಸುಮಾರು 42 ಮಿ.ಮೀ.; ಒಂದೂವರೆ ಇಂಚಿನದು 48ಕ್ಕೆ ಕೂದಲೆಳೆಯಷ್ಟು ಕಡಿಮೆ. ಹಿಂದೆ ಕಬ್ಬಿಣದ ಕೊಳವೆಗಳನ್ನು ಅವುಗಳ ಒಳರಂಧ್ರದಿಂದ ಹೆಸರಿಸುತ್ತಿದ್ದರು. ತಿರುಪನ್ನು ಕೊರೆಯುತ್ತಿದ್ದುದು ಹೊರಮೈಯ ಮೇಲೆ. ಹೆಸರು ಹಾಗೆಯೇ ನಿಂತಿತು. ಇದನ್ನರಿಯದ ಗೃಹಸ್ಥನು ಹಳೆಯ ತುಂಡನ್ನು ಅಳೆದು, 48 ಎಂದು ಕಂಡು, ಎರಡು ಇಂಚು ಇರಬೇಕೆಂದು ಎಣಿಸಿ ಎರಡು ಇಂಚಿನ ಕಪ್ಲಿಂಗನ್ನು ತರುತ್ತಾನೆ. ಅದರ ತಿರುಪಾದರೋ ಸುಮಾರು 60 ಮಿ.ಮೀ.! ದೇಶದಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು 1956ರಲ್ಲಿಯೇ ಬಂದಿತಾದರೂ ಬಚ್ಚಲಿನ ಸಾಮಾನುಗಳಲ್ಲಿ ಇಂಚು ಇನ್ನೂ ಆಳುತ್ತಿದೆ.

ಹೊರದೇಶದಿಂದ ತರಿಸಿದ ತೊಟ್ಟಿಯಾದರೆ ಇನ್ನೊಂದು ಗಂಟು. ಬ್ರಿಟಿಷ್ ಒಂದೂವರೆ ಇಂಚಿನ ತಿರುಪಿನಲ್ಲಿ ಇಂಚಿಗೆ 11 ಸುತ್ತುಗಳಿರುತ್ತವೆ. ಅಮೆರಿಕದ ತೊಟ್ಟಿಗಳ ತೂಬಿನಲ್ಲಿ ಹನ್ನೊಂದೂವರೆ ಅಥವಾ 16. ಹನ್ನೊಂದೂವರೆಯದಕ್ಕೆ ಹನ್ನೊಂದರದನ್ನು ತಿರುಗಿಸಿದರೆ ಮೊದಲ ಒಂದೆರಡು ಸುತ್ತು ನಯವಾಗಿ ಹೋಗಿ ಅನಂತರ ಬಿಗಿದುಕೊಳ್ಳುತ್ತದೆ. ಕೂತಿತೆಂದು ಭ್ರಮಿಸಿ ಸ್ಪ್ಯಾನರಿನಿಂದ ಒತ್ತಿದರೆ ಹಿತ್ತಾಳೆಯ ಸುತ್ತುಗಳು ಸವೆದು ಎರಡೂ ತುಂಡುಗಳು ಕೆಡುತ್ತವೆ. ಆದುದರಿಂದ ಹೊರವ್ಯಾಸವನ್ನು ಕ್ಯಾಲಿಪರಿನಿಂದ ಅಳೆಯುವುದರ ಜೊತೆಗೆ, ಒಂದು ಇಂಚಿನಲ್ಲಿ ಎಷ್ಟು ಸುತ್ತುಗಳಿವೆಯೆಂದು ಎಣಿಸುವುದೂ ಅಗತ್ಯ. ಎಲ್ಲಕ್ಕಿಂತ ಮೇಲಾದ ಉಪಾಯವೆಂದರೆ ಹಳೆಯ ತುಂಡನ್ನೇ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುವುದು. ಮಾತಿಗೆ ಅಷ್ಟೇನೂ ಕಷ್ಟವಿಲ್ಲ. ತೆಲುಗರ ತೂಮು ನಮ್ಮ ತೂಬೇ; ಒಕಟಿನ್ನರ ಎಂದರೆ ಒಂದೂವರೆ; ಪಾವು ಎಂದರೆ ಕಾಲು. ಅಕ್ಕಿ ಅಳೆಯುವ ನಮ್ಮ ಪಾವೂ ಸೇರಿನ ಕಾಲು ಭಾಗವೇ ಅಲ್ಲವೆ?

ಹಳೆಯದನ್ನು ಬಿಚ್ಚುವಾಗ ಆತುರ ಸಲ್ಲದು. ವಿಶಾಖಪಟ್ಟಣದ ಉಪ್ಪುಗಾಳಿಗೆ ಕಬ್ಬಿಣದ ತಿರುಪುಮೊಳೆಗಳು ತುಕ್ಕು ಹಿಡಿದಿರುತ್ತವೆ. ಕೊಳವೆಬಾವಿಯ ಗಡಸುನೀರು ಬಳಸುವ ಮನೆಗಳಲ್ಲಿ ಸುತ್ತುಗಳ ನಡುವೆ ಸುಣ್ಣ ಕಟ್ಟಿರುತ್ತದೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಟ್ಟಿರಬೇಕು. ಒಬ್ಬರು ಮೇಲೆ ತಲೆಯನ್ನು ಅಲುಗದಂತೆ ಹಿಡಿದು, ಇನ್ನೊಬ್ಬರು ಕೆಳಗೆ ಚೆಕ್‌ನಟ್ಟನ್ನು ತಿರುಗಿಸುವುದು ಕ್ರಮ. ಹೊಸದನ್ನು ಕೂರಿಸುವಾಗ ರಂಧ್ರದ ಅಂಚನ್ನು ಒಣಬಟ್ಟೆಯಿಂದ ಒರೆಸಿ, ತಲೆಯ ಕೆಳಗೆ ಸಿಲಿಕೋನ್ ಹಚ್ಚಿ, ಕೈಬಿಗಿತದ ಮೇಲೆ ಅರ್ಧ ಸುತ್ತು ಮಾತ್ರ ಬಿಗಿಯಬೇಕು. ಬಿಳಿ ಸಿಮೆಂಟು ಬೇಡ. ಅದು ಬಿರುಕು ಬಿಡುತ್ತದೆ. ಒಂದು ದಿನ ಒಣಗಿದ ಬಳಿಕ ತೊಟ್ಟಿಯನ್ನು ತುಂಬಿ, ಅಡಿಯಲ್ಲಿ ಹಳೆಯ ವೃತ್ತಪತ್ರಿಕೆ ಹಾಸಿ ಅರ್ಧ ಗಂಟೆ ಕಾಯಬೇಕು. ಕಾಗದ ಒದ್ದೆಯಾಗದಿದ್ದರೆ ಕೆಲಸ ಸರಿಯಾಗಿದೆ.

ಸರಿಯಾದ ಅಳತೆ ಪೇಟೆಯಲ್ಲಿ ಸಿಗದೆಯೇ ಹೋದರೆ? ಆಗ ಅಂಗಡಿಯನ್ನು ಬಿಟ್ಟು ಲೇಥ್ ಯಂತ್ರದ ಕೆಲಸಗಾರನ ಬಳಿಗೆ ಹೋಗುವುದು ಲೇಸು. ವಿಜಯವಾಡದ ಆಟೋನಗರವು ಲಾರಿಗಳ ಕೆಲಸಕ್ಕೆ ಹೆಸರಾದುದು. ವಿಶಾಖಪಟ್ಟಣದಲ್ಲಿ ಗಾಜುವಾಕದ ಬಳಿಯೂ ಒಂದು ಆಟೋನಗರವಿದೆ. ಲಾರಿಯ ಬಿಡಿಭಾಗಗಳನ್ನು ಕಡೆಯಬಲ್ಲ ಕೈಗೆ ಒಂದು ಬದಿ ಹಳೆಯ ತಿರುಪು, ಇನ್ನೊಂದು ಬದಿ ಪೇಟೆಯ ಒಂದೂವರೆ ಇಂಚಿನ ತಿರುಪು ಇರುವ ಹಿತ್ತಾಳೆಯ ಜೋಡಣೆಯೊಂದನ್ನು ಕಡೆದುಕೊಡುವುದು ಹೆಚ್ಚಿನ ಮಾತಲ್ಲ.

ಇಷ್ಟೆಲ್ಲ ಏಕೆ, ಸಣ್ಣದನ್ನೇ ಹಾಕಿದರೆ ಸಾಲದೆ ಎಂದು ಕೇಳುವವರುಂಟು. ಒಂದೂವರೆ ಇಂಚಿನ ದಾರಿಯನ್ನು ಒಂದೂಕಾಲಿಗೆ ಇಳಿಸಿದರೆ ಹರಿವಿನ ವಿಸ್ತೀರ್ಣ ಶೇಕಡ 30ರಷ್ಟು ಕುಗ್ಗುತ್ತದೆ. ಸಾಬೂನಿನ ಜಿಡ್ಡೂ ಕೂದಲೂ ಬೇಗ ಕಟ್ಟಿಕೊಂಡು, ನಿಂತ ನೀರಿನಿಂದ ತೊಟ್ಟಿಯ ತಳ ಜಾರತೊಡಗುತ್ತದೆ. ಮನೆಯಲ್ಲಿ ವೃದ್ಧರಿದ್ದರೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂ ಕೆಟ್ಟದ್ದು ಕಣ್ಣಿಗೆ ಕಾಣದ ಸೋರಿಕೆ. ಇಟ್ಟಿಗೆಯ ಕಟ್ಟೆಯಿಂದ ಮುಚ್ಚಿದ ತೊಟ್ಟಿಗಳ ಅಡಿಯಲ್ಲಿ ಆ ನೀರು ಕತ್ತಲಲ್ಲಿ ನಿಲ್ಲುತ್ತದೆ. ಕೊಳಕುನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತಾಣ ಬೇಕಿಲ್ಲ. ಶ್ರೀಕಾಕುಳಂ, ವಿಜಯನಗರಂ, ವಿಶಾಖಪಟ್ಟಣಗಳ ಕರಾವಳಿಯಲ್ಲಿ ಬಹುಕಾಲದಿಂದ ಕಂಡುಬಂದ ಆನೆಕಾಲು ರೋಗವನ್ನು ಹರಡುವುದು ಈ ಸೊಳ್ಳೆಯೇ. ಕಟ್ಟೆಯಲ್ಲಿ ಕೈ ಹೋಗುವಷ್ಟು ಬಾಗಿಲೊಂದನ್ನು ಬಿಡಿಸಿಕೊಂಡರೆ ಸೋರಿಕೆ ಮರೆಯಾಗಿ ಉಳಿಯುವುದಿಲ್ಲ.

ತೂಬನ್ನು ಬದಲಿಸುವಾಗ ಟ್ರ್ಯಾಪನ್ನು ಅನಾವಶ್ಯಕವೆಂದು ತೆಗೆದುಹಾಕುವ ಕೆಲಸಗಾರರೂ ಇದ್ದಾರೆ. ಹಾಗೆ ಮಾಡಗೊಡಬಾರದು. ಬಾಗಿದ ಕೊಳವೆಯಲ್ಲಿ ನಿಲ್ಲುವ ಸುಮಾರು 50 ಮಿ.ಮೀ. ನೀರೇ ಮೋರಿಗೂ ಮನೆಗೂ ನಡುವಣ ಬಾಗಿಲು. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಗ್ಸಾಂಡರ್ ಕಮಿಂಗ್ ಈ ಬಾಗಿನ ಕೊಳವೆಯಿದ್ದ ಶೌಚಪೀಠಕ್ಕೆ ಹಕ್ಕುಪತ್ರ ಪಡೆದನು. ನೀರು ಆರಿದರೆ ಏನಾಗುವುದೆಂಬುದನ್ನು 2003ರಲ್ಲಿ ಹಾಂಗ್‌ಕಾಂಗಿನ ಅಮೊಯ್ ಗಾರ್ಡನ್ಸ್ ವಸತಿಸಮುಚ್ಚಯ ತೋರಿಸಿಕೊಟ್ಟಿತು. ಅಲ್ಲಿ 300ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ತಗುಲಿತು. ಬಚ್ಚಲು ನೆಲದ ಟ್ರ್ಯಾಪುಗಳು ಒಣಗಿದ್ದುದೂ, ಗಾಳಿ ಹೊರಹಾಕುವ ಫ್ಯಾನುಗಳು ಮೋರಿಯ ಸೋಂಕನ್ನು ಆ ದಾರಿಯಾಗಿ ಒಳಗೆ ಸೆಳೆದುದೂ ಕಾರಣಗಳಲ್ಲಿ ಸೇರಿದ್ದುವೆಂದು ತನಿಖೆಗಳು ಅಭಿಪ್ರಾಯಪಟ್ಟವು.

ಬೇಸಿಗೆ ರಜೆಗೆ ಮನೆಗೆ ಬೀಗ ಹಾಕಿ ಊರಿಗೆ ಹೋಗುವ ಕುಟುಂಬಗಳು ಇದನ್ನು ನೆನಪಿಡುವುದು ಒಳಿತು. ವಿಜಯವಾಡದ ಮೇ ತಿಂಗಳ ಬಿಸಿಲಿಗೆ ಟ್ರ್ಯಾಪಿನ ನೀರು ಆರಿಹೋಗಬಹುದು. ಹೊರಡುವ ಮುನ್ನ ಪ್ರತಿಯೊಂದು ತೂಬಿಗೂ ಒಂದು ಚೊಂಬು ನೀರು, ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಸುರಿದರೆ ಎಣ್ಣೆಯ ಪದರವು ನೀರನ್ನು ಆರಗೊಡುವುದಿಲ್ಲ. ಹಿಂದಿರುಗಿದ ಮೇಲೆ ವಾಸನೆ ಬಂದರೂ ಮೊದಲು ಮಾಡಬೇಕಾದುದು ಫ್ಯಾನು ಹಾಕುವುದಲ್ಲ, ನೀರು ಸುರಿಯುವುದು. ಆಸಿಡ್ಡನ್ನಂತೂ ಸುರಿಯಬಾರದು. ಅದು ಹಿತ್ತಾಳೆಯ ಲೇಪವನ್ನೂ ತೊಟ್ಟಿಯ ಎನಾಮೆಲನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ಕ್ಲೋರಿನ್ ಅನಿಲ ಹೊರಟು, ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಉಸಿರುಗಟ್ಟಿಸುತ್ತದೆ.