ಹಳೆಯ ಸ್ಕೂಟರು: ವೆಸ್ಪಾವೋ, ಲ್ಯಾಂಬ್ರೆಟಾವೋ?

ಹಳೆಯ ಸ್ಕೂಟರೊಂದನ್ನು ಕೊಂಡು ಜೋಪಾನವಾಗಿ ಇಟ್ಟುಕೊಳ್ಳಬೇಕೆಂಬ ಹವ್ಯಾಸವುಳ್ಳ ವಾಚಕರಿಗೆ ಈ ನಾಲ್ಕು ಮಾತು.

ಎರಡೂ ಇಟಲಿಯಲ್ಲಿ ಹುಟ್ಟಿದವು. ಪಿಯಾಜಿಯೋ ಕಂಪನಿಯ ವೆಸ್ಪಾ 1946ರಲ್ಲಿ ಬಂದಿತು. ಇನ್ನೊಸೆಂಟಿ ಕಂಪನಿಯ ಲ್ಯಾಂಬ್ರೆಟಾ 1947ರಲ್ಲಿ ಅದಕ್ಕೆ ಎದುರಾಳಿಯಾಯಿತು. ನಮ್ಮ ಆಕುರ್ಡಿಯ ಬಜಾಜ್ ಕಾರ್ಖಾನೆಯ ಚೇತಕ್ (1972) ವೆಸ್ಪಾದ ಮನೆತನದ್ದು. ಲಖನೌದ ವಿಜಯ್ ಸೂಪರ್ ಲ್ಯಾಂಬ್ರೆಟಾದ್ದು.

ಭೇದವಿರುವುದು ಒಳಗೆ. ವೆಸ್ಪಾಕ್ಕೆ ತಗಡಿನ ಮೈಯೇ ಚೌಕಟ್ಟು. ಎಂಜಿನ್ ಹಿಂದಿನ ಚಕ್ರದ ಬಲಕ್ಕಿರುತ್ತದೆ. ಲ್ಯಾಂಬ್ರೆಟಾಕ್ಕೆ ಉಕ್ಕಿನ ಕೊಳವೆಯ ಚೌಕಟ್ಟು. ಎಂಜಿನ್ ನಡುವೆ ಇರುವುದರಿಂದ ಭಾರ ಎರಡೂ ಬದಿಗೆ ಸಮ.

ಆದುದರಿಂದ ವೆಸ್ಪಾ ಕೊಳ್ಳುವವರು ಕಾಲಿಡುವ ತಗಡನ್ನು ಅಡಿಯಿಂದ ಬಗ್ಗಿ ನೋಡಬೇಕು. ಅಲ್ಲಿ ತುಕ್ಕು ತಿಂದಿದ್ದರೆ ಗಾಡಿಯ ಬೆನ್ನೆಲುಬೇ ಸೊರಗಿದಂತೆ. ಮೇಲಿನ ಹೊಸ ಬಣ್ಣಕ್ಕೆ ಮರುಳಾಗಬಾರದು. ಲ್ಯಾಂಬ್ರೆಟಾದ ಪಕ್ಕದ ತಗಡು ಕೆಟ್ಟರೆ ಬಿಚ್ಚಿ ಬದಲಿಸಬಹುದು. ಆದರೆ ಕೊಳವೆ ಸೊಟ್ಟಗಾಗಿರಬಾರದು.

ಯಾವುದೇ ಗಾಡಿಯಾಗಲಿ, ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ಮತ್ತು ಚಾಸಿ ನಂಬರುಗಳು ಗಾಡಿಯ ಮೇಲಿನವುಗಳಿಗೆ ತಾಳೆಯಾಗಲೇಬೇಕು. ತಾಳೆಯಾಗದಿದ್ದರೆ, ಎಷ್ಟೇ ಅಗ್ಗವಿರಲಿ, ಮುಂಗಡ ಕೊಡಬೇಡಿರಿ. ಬೆವರು ಸುರಿಸಿ ಗಳಿಸಿದ ಸಂಬಳವನ್ನು ಅನ್ಯರ ಮೋಸಕ್ಕೆ ತೆರುವುದು ಹವ್ಯಾಸವಲ್ಲ. ದಿನದ ಕೆಲಸಕ್ಕೂ ಓಡಿಸುವ ಆಸೆಯಿದ್ದವರು ಚೇತಕ್ ನೋಡಲಿ. ಸಂಗ್ರಹವೇ ಗುರಿಯಾದವರು ಲ್ಯಾಂಬ್ರೆಟಾ ಹುಡುಕಲಿ.